ಉಡುಪಿಯ ಬಟ್ಟೆ ಚೀಲದ ಕ್ಲಾಸು: ಹೊಲಿಗೆ ಬಂತು, ಕತ್ತರಿ ಕೈಗೆ ಬರಲಿಲ್ಲ

ನಾನು ಈ ಕ್ಲಾಸಿಗೆ ಹೋಗಿ ಒಂದು ವರ್ಷದ ಮೇಲಾಯಿತು. ಅಲ್ಲಿ ಹೊಲಿದ ಚೀಲಗಳು ಇವತ್ತಿಗೂ ದಿನಾ ಪೇಟೆಗೆ ಹೋಗಿ ಬರುತ್ತವೆ. ಉಡುಪಿ ಪೇಟೆಯೊಳಗೇ ನಡೆಯುವ ಸಣ್ಣ ಕ್ಲಾಸು. ಒಂದು ದೂರೂ ಇರುವುದರಿಂದ ಹೆಸರು ಬೇಡ.

ಮೊದಲು ಹಿಡಿಯ ವಿಷಯ ಹೇಳಲೇಬೇಕು. ಅಂಗಡಿಯ ಬಟ್ಟೆ ಚೀಲ ಯಾವಾಗಲೂ ಹಿಡಿಯ ಬುಡದಲ್ಲೇ ಕಿತ್ತು ಬರುತ್ತದೆ, ನೋಡಿದ್ದೀರಲ್ವಾ? ಅಲ್ಲಿ ಒಂದೇ ಗೆರೆ ಹೊಲಿಗೆ ಹಾಕಿರುತ್ತಾರೆ. ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ನಮ್ಮ ಟೀಚರ್ ಹಿಡಿಯ ತುದಿಯನ್ನು ಎರಡು ಇಂಚು ಕೆಳಗಿಳಿಸಿ, ಸುತ್ತ ಚೌಕ ಹೊಲಿದು, ಒಳಗೆ ಮೂಲೆಯಿಂದ ಮೂಲೆಗೆ ಇಂಟು ಗುರುತು ಹಾಕಿಸುತ್ತಾರೆ. ಮೂಲೆ ಬಂದಾಗ ಸೂಜಿ ಬಟ್ಟೆಯೊಳಗೇ ಇರಬೇಕು. ಬಟ್ಟೆ ಒತ್ತಿ ಹಿಡಿಯುವ ಮೆಷಿನ್‌ನ ಪಾದ ಎತ್ತಿ, ಬಟ್ಟೆ ತಿರುಗಿಸಿ, ಮತ್ತೆ ಪಾದ ಇಳಿಸಬೇಕು. ದಾರ ಕಡಿಯದೆ ಇಡೀ ಚೌಕ ಮುಗಿಯುತ್ತದೆ. ಇದನ್ನು ಒಬ್ಬೊಬ್ಬರ ಪಕ್ಕ ನಿಂತು, ಸ್ವಲ್ಪವೂ ಬೇಜಾರು ಮಾಡದೆ ಕಲಿಸಿದರು. ಈಗ ಐದಾರು ತೆಂಗಿನಕಾಯಿ ಹಾಕಿ ಬಸ್ಸಿನಲ್ಲಿ ನೇತು ಹಿಡಿದರೂ ನನಗೆ ಹೆದರಿಕೆ ಇಲ್ಲ.

ದಪ್ಪ ಬಟ್ಟೆಗೆ 16 ನಂಬರ್ ಸೂಜಿ ಹಾಕಬೇಕು, ಬಿಳುಪು ಮಾಡದ ಕೋರಾ ಬಟ್ಟೆಯನ್ನು ಮೊದಲೇ ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಚೀಲ ಕುಗ್ಗುತ್ತದೆ. ಇದೆಲ್ಲ ಅಲ್ಲೇ ಗೊತ್ತಾಗಿದ್ದು. ನಾನು ಸೇರಿದ್ದು ಜೋರು ಮಳೆಗಾಲದಲ್ಲಿ. ಕರೆಂಟ್ ಹೋದರೆ ಮೋಟರ್ ಮೆಷಿನ್ ಬಿಟ್ಟು ಕಾಲಿನ ಮೆಷಿನ್‌ಗೆ ಹೋಗುತ್ತಿದ್ದೆವು. ಮಳೆಗಾಲದಲ್ಲಿ ಅದರ ಚರ್ಮದ ಬೆಲ್ಟ್ ಸಡಿಲವಾಗುತ್ತದೆ. ತುದಿ ಸ್ವಲ್ಪ ಕತ್ತರಿಸಿ ಕೊಕ್ಕೆ ಹಾಕಿ ಬಿಗಿ ಮಾಡುವುದನ್ನೂ ಟೀಚರ್ ತೋರಿಸಿದರು.

ಮನೆಯಲ್ಲಿರುವುದು ಅತ್ತೆಯ ಹಳೇ ಕಾಲಿನ ಮೆಷಿನ್. ಮಧ್ಯಾಹ್ನ ಊಟ ಆಗಿ, ಪಾತ್ರೆ ಎಲ್ಲ ತೊಳೆದ ಮೇಲೆ ಅದರ ಮುಂದೆ ಕೂರುತ್ತೇನೆ. ಕೆಳಗಿನ ದಾರದ ಉಂಡೆ ಕೂರುವ ಬಾಬಿನ್ ಕೇಸ್ ತೆಗೆದು ಅಡಿಯಲ್ಲಿ ಕೂತ ನೂಲಿನ ಧೂಳನ್ನು ಸಣ್ಣ ಬ್ರಷ್‌ನಲ್ಲಿ ಎಳೆಯುವುದು. ಎಣ್ಣೆ ಒಂದೊಂದೇ ಹನಿ ಬಿಡುವುದು. ಆಮೇಲೆ ಬೇಡದ ತುಂಡಿನ ಮೇಲೆ ನಾಲ್ಕು ಗೆರೆ ಹೊಲಿದು, ಎಣ್ಣೆ ಕಲೆ ಬರುವುದು ನಿಂತ ಮೇಲೇ ಒಳ್ಳೇ ಬಟ್ಟೆ ಇಡುವುದು. ಬಾಬಿನ್‌ಗೆ ದಾರ ಸುತ್ತುವಾಗ ಬರುವ ಆ ಸಣ್ಣ ಗಿರ್ರ್ ಶಬ್ದ ಕೇಳಿದರೆ ಸಾಕು, ಮನಸ್ಸು ಹಗುರವಾಗುತ್ತದೆ. ಫೀಸು 2,500 ರೂಪಾಯಿ ಕೊಟ್ಟಿದ್ದಕ್ಕೆ ಈ ಖುಷಿಯೊಂದೇ ಸಾಕಾಗಿತ್ತು ಅಂತ ಎಷ್ಟೋ ಸಲ ಅನಿಸಿದೆ.

ಆದರೆ ಒಂದು ವಿಷಯಕ್ಕೆ ಇನ್ನೂ ಸಿಟ್ಟು ಉಂಟು. ಕ್ಲಾಸಿನಲ್ಲಿ ಬಟ್ಟೆ ಕತ್ತರಿಸಲು ಕಲಿಸುವುದೇ ಇಲ್ಲ. ನಾವು ಹೋಗುವಷ್ಟರಲ್ಲಿ ತುಂಡುಗಳೆಲ್ಲ ಅಳತೆಗೆ ಕತ್ತರಿಸಿ ಜೋಡಿಸಿಟ್ಟಿರುತ್ತಾರೆ. ಕೇಳಿದರೆ "ಬಟ್ಟೆ ವೇಸ್ಟ್ ಆಗ್ತದೆ, ನಿಮಗೆ ಹೊಲಿಗೆ ಬಂದ್ರೆ ಸಾಕು" ಅನ್ನುತ್ತಾರೆ. ಹೇಗೆ ಸಾಕಾಗುತ್ತದೆ ಮಾರಾಯ್ರೆ? ಐದು ಕಿಲೋ ಕುಚ್ಚಲಕ್ಕಿಗೆ ಬೇಕಾದ ಚೀಲ ಬೇರೆ, ಲೈಬ್ರರಿ ಪುಸ್ತಕಕ್ಕೆ ಬೇಕಾದದ್ದು ಬೇರೆ. ನಮ್ಮ ಮಟ್ಟುಗುಳ್ಳ ಬದನೆಯ ತೊಟ್ಟಿನ ಮುಳ್ಳು ತೆಳು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ತರಕಾರಿಗೆ ದಪ್ಪ ಬಟ್ಟೆಯೇ ಬೇಕು. ಅಳತೆ ಗೊತ್ತಿಲ್ಲದಿದ್ದರೆ ಕಲಿತ ಒಂದೇ ಚೀಲವನ್ನು ಜೀವಮಾನ ಇಡೀ ಹೊಲಿಯಬೇಕಾಗುತ್ತದೆ.

ಕೊನೆಗೆ ಕ್ಲಾಸಿನ ಚೀಲ ಒಂದನ್ನು ಬಿಚ್ಚಿ, ಅಳೆದು, ನಾನೇ ಲೆಕ್ಕ ಹಿಡಿದೆ. ನಿಮಗೂ ಬೇಕಾಗಬಹುದು, ಬರೆಯುತ್ತೇನೆ. ಚೀಲ 12 ಇಂಚು ಅಗಲ, 14 ಇಂಚು ಎತ್ತರ, ತಳ 4 ಇಂಚು ಬೇಕಾದರೆ ಬಟ್ಟೆಯ ಅಗಲ 12, ತಳಕ್ಕೆ 4, ಎರಡು ಬದಿ ಹೊಲಿಗೆಗೆ 1, ಒಟ್ಟು 17 ಇಂಚು. ಎತ್ತರ 14, ತಳದ ಅರ್ಧ 2, ಕೆಳಗಿನ ಹೊಲಿಗೆಗೆ ಅರ್ಧ, ಬಾಯಿ ಮಡಚಲು ಒಂದೂವರೆ, ಒಟ್ಟು 18. ಇಂಥ ಎರಡು ತುಂಡು. ಮೂರು ಬದಿ ಹೊಲಿದ ಮೇಲೆ ಕೆಳಗಿನ ಮೂಲೆಯಲ್ಲಿ ಬದಿಯ ಹೊಲಿಗೆ ತಳದ ಹೊಲಿಗೆಯ ಮೇಲೆ ಬರುವಂತೆ ಚಪ್ಪಟೆ ಮಾಡಿ, ಹೊಲಿಗೆಯ ತುದಿಯಿಂದ 2 ಇಂಚು ಒಳಗೆ ಅಡ್ಡ ಹೊಲಿಯಿರಿ. ತಳ ಸರಿಯಾಗಿ 4 ಇಂಚು ಬರುತ್ತದೆ. ಇಷ್ಟೇ. ಇದನ್ನು ಹೇಳಿಕೊಡಲು ಅರ್ಧ ಗಂಟೆ ಸಾಕಿತ್ತು.

ಮೀನಿನ ಚೀಲವನ್ನೂ ಅವರು ಕಲಿಸುವುದಿಲ್ಲ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಬಂದದ್ದು 2016ರಲ್ಲಿ. ಆದರೂ ಮೀನು ತರಲು ಹೋದರೆ ಕೈಗೆ ಪ್ಲಾಸ್ಟಿಕ್ ತೊಟ್ಟೆಯೇ ಬರುತ್ತದೆ, ಯಾಕೆಂದರೆ ಬರೀ ಬಟ್ಟೆಯಲ್ಲಿ ಬಂಗುಡೆ ತಂದರೆ ನೀರು ಸೋರುತ್ತದೆ, ವಾಸನೆ ಹೋಗುವುದಿಲ್ಲ. ನಾನು ಖಾಲಿ ಅಕ್ಕಿ ಚೀಲವನ್ನು ತೊಳೆದು ಬೇರೆಯೇ ಒಳಚೀಲ ಹೊಲಿದೆ. ಅದರೊಳಗೆ ಮುಚ್ಚಳದ ಡಬ್ಬಿ ಇಡುತ್ತೇನೆ. ಮನೆಗೆ ಬಂದು ಒಳಚೀಲ ಮಾತ್ರ ತೊಳೆದು ಬಿಸಿಲಿಗೆ ಹಾಕಿದರೆ ಆಯಿತು. ಕರಾವಳಿಯ ಚೀಲದ ಕ್ಲಾಸಿನಲ್ಲಿ ಮೊದಲು ಕಲಿಸಬೇಕಾದದ್ದು ಇದನ್ನೇ.

ಕಳೆದ ತಿಂಗಳು ಆ ಕಡೆ ಹೋದಾಗ ಟೀಚರ್‌ಗೆ ಎರಡೂ ಹೇಳಿದೆ. ಒಳಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದರು, ಅಳತೆಯನ್ನೂ ಬರೆದುಕೊಂಡರು. ಕಲಿಸುವ ಮನಸ್ಸು ಅವರಲ್ಲಿ ಧಾರಾಳ ಉಂಟು. ಹಾಗಾಗಿ ಐದರಲ್ಲಿ ಮೂರೂವರೆ ಸ್ಟಾರ್. ಮನೆಯಲ್ಲಿ ಮೆಷಿನ್ ಇದ್ದರೆ ಖಂಡಿತ ಸೇರಿ, ಆದರೆ ದುಡ್ಡು ಕಟ್ಟುವ ಮೊದಲು ಒಂದು ದಿನವಾದರೂ ಕತ್ತರಿಸಲು ಕಲಿಸುತ್ತಾರಾ ಅಂತ ಕೇಳಿ. ಅವರು ಮಾರುವ ಕಿಟ್ ತೆಗೆದುಕೊಳ್ಳಬೇಡಿ. ಅದರ ಕತ್ತರಿ ಕೋರಾ ಬಟ್ಟೆಗೆ ತಾಗುವುದೇ ಇಲ್ಲ.