ಮನೆಗೆ ಬರುವ ಮಂಗ: ಪಟಾಕಿ, ಪೈಪ್ ಕೋವಿ, ಹುಲಿ ಬೊಂಬೆ, ನಾಯಿ, ಜಾಲರಿ – ಯಾವುದು ಎಷ್ಟು ದಿನ?

ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ಒಂಟಿ ಮನೆ. ಹಿಂದೆ ಸೊಪ್ಪಿನ ಬೆಟ್ಟ, ಮುಂದೆ ಅಡಿಕೆ ತೋಟ. ಮಂಗ ಮೊದಲೂ ಬರುತ್ತಿತ್ತು. ತೋಟದಲ್ಲಿ ನಾಲ್ಕು ಬಾಳೆಹಣ್ಣು ತಿಂದು ಹೋಗುತ್ತಿತ್ತು. ಮನೆಯೊಳಗೆ ಕೈ ಹಾಕತೊಡಗಿದ್ದು ನಾಲ್ಕು ವರ್ಷದಿಂದ ಈಚೆಗೆ.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಸರಸರ ಸದ್ದು. ಹೋಗಿ ನೋಡಿದರೆ ಮಾಡಿನ ಎರಡು ಹೆಂಚು ಸರಿದಿದೆ. ಆ ಸಂದಿಯಿಂದ ಒಂದು ಕೈ ಕೆಳಗೆ ಇಳಿದಿದೆ. ಪಕಾಸಿಗೆ ಕಟ್ಟಿದ್ದ ಬಾಳೆಗೊನೆಯನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದೆ. ಮೆತ್ತಗಿದ್ದ ಹಣ್ಣನ್ನು ಮಾತ್ರ ಕೀಳುತ್ತಿದೆ, ಕಾಯಿ ಮುಟ್ಟುತ್ತಿಲ್ಲ. ನಾನು ಕೂಗಿದೆ. ಕೈ ಮೇಲೆ ಹೋಯಿತು, ಆ ಜಾಗಕ್ಕೆ ಮುಖ ಬಂತು. ಎರಡೂ ಕೆನ್ನೆ ಉಬ್ಬಿತ್ತು. ಈ ಜಾತಿಯ ಮಂಗಕ್ಕೆ ಕೆನ್ನೆಯೊಳಗೆ ಚೀಲ ಇದೆ. ಸಿಕ್ಕಿದ್ದನ್ನು ಅದರಲ್ಲಿ ತುಂಬಿಕೊಂಡು ಹೋಗಿ, ಮರದ ಮೇಲೆ ಕೂತು ನಿಧಾನವಾಗಿ ತಿನ್ನುತ್ತದೆ. ಅರ್ಧ ನಿಮಿಷ ಸಿಕ್ಕರೂ ಅದಕ್ಕೆ ಸಾಕು.

ಅವತ್ತಿಂದ ಏನೇನು ಮಾಡಿ ನೋಡಿದೆವು ಅಂತ ಹೇಳುತ್ತೇನೆ. ಎಲ್ಲದಕ್ಕೂ ನಾನು ಕೇಳುವ ಪ್ರಶ್ನೆ ಒಂದೇ. ನಾವು ಮನೆಯಲ್ಲಿ ಇಲ್ಲದಾಗಲೂ ಇದು ಕೆಲಸ ಮಾಡುತ್ತದಾ?

ಮೊದಲು ಪಟಾಕಿ. ಮೊದಲ ವಾರ ಒಂದು ಆಟಂ ಬಾಂಬಿಗೆ ಇಡೀ ಹಿಂಡು ಬೆಟ್ಟ ಹತ್ತುತ್ತಿತ್ತು. ಮೂರನೇ ವಾರ ಹಲಸಿನ ಮರದವರೆಗೆ ಮಾತ್ರ ಹೋಗಿ ಅಲ್ಲೇ ಕೂರುತ್ತಿದ್ದವು. ಆಮೇಲೆ ಬೆಂಕಿಪೊಟ್ಟಣ ಹಿಡಿದು ನಾನು ಹೊರಗೆ ಬಂದರೆ ಮಾತ್ರ ಓಟ. ಅಮ್ಮ ಕೋಲು ಹಿಡಿದು ಬಂದರೆ ಹಲ್ಲು ತೋರಿಸಿ ಹೆದರಿಸುತ್ತಿದ್ದವು. ಜೊತೆಗೆ ಕೊಟ್ಟಿಗೆಯಲ್ಲಿದ್ದ ಹಸು ಬೆದರಿ ಎರಡು ದಿನ ಸರಿಯಾಗಿ ಸೊರೆ ಬಿಡಲಿಲ್ಲ. ಅಲ್ಲಿಗೆ ಪಟಾಕಿ ನಿಲ್ಲಿಸಿದೆವು.

ಪೈಪ್ ಕೋವಿ ಸದ್ದಿನಲ್ಲಿ ಪಟಾಕಿಗಿಂತ ಎಷ್ಟೋ ಮೇಲು, ಖರ್ಚೂ ಕಡಿಮೆ. ಪಿವಿಸಿ ಪೈಪಿನೊಳಗೆ ಚೂರು ಕಾರ್ಬೈಡ್ ಹಾಕಿ ನಾಲ್ಕು ಹನಿ ನೀರು ಬಿಟ್ಟರೆ ಅಸಿಟಿಲಿನ್ ಗ್ಯಾಸ್ ಹುಟ್ಟುತ್ತದೆ. ಲೈಟರ್ ಒತ್ತಿದರೆ ಢಮಾರ್. ಎರಡು ತಿಂಗಳು ಚೆನ್ನಾಗಿ ನಡೆಯಿತು. ಒಂದು ದಿನ ಒತ್ತಿದರೂ ಸದ್ದು ಬರಲಿಲ್ಲ. ನಾನು ಆಚೆ ತಿರುಗುವಷ್ಟರಲ್ಲಿ ಅಣ್ಣನ ಮಗ ಪೈಪಿನ ಬಾಯಿಗೆ ಕಣ್ಣಿಟ್ಟು ನೋಡುತ್ತಿದ್ದ. ಕಿತ್ತುಕೊಂಡೆ. ಆಮೇಲೆ ಎಷ್ಟೋ ಹೊತ್ತು ಕೈ ನಡುಗುತ್ತಿತ್ತು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದೇ ಥರದ ಕಾರ್ಬೈಡ್ ಕೋವಿಯಿಂದ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಯಿತು. ಮಕ್ಕಳಿರುವ ಮನೆಗೆ ಇದು ಬೇಡವೇ ಬೇಡ.

ಇನ್ನು ಹುಲಿ ಬೊಂಬೆ. 2019ರಲ್ಲಿ ತೀರ್ಥಹಳ್ಳಿ ಕಡೆಯ ಕೃಷಿಕರೊಬ್ಬರು ಮಂಗ ಓಡಿಸಲು ನಾಯಿಗೆ ಹುಲಿಪಟ್ಟೆ ಬಳಿದ ಸುದ್ದಿ ನಿಮಗೂ ನೆನಪಿರಬಹುದು. ನಾವು ಬಟ್ಟೆಯ ದೊಡ್ಡ ಹುಲಿ ತಂದು ತೋಟದ ಅಂಚಿನಲ್ಲಿ ಕೂರಿಸಿದೆವು. ಹತ್ತು ದಿನ ಒಂದು ಮಂಗವೂ ಇಲ್ಲ. ಆಮೇಲೆ ಮಳೆಗೆ ನೆನೆದು ಅದು ಒಂದು ಕಡೆ ವಾಲಿತು. ಮಾರನೇ ದಿನ ಅದರ ಪಕ್ಕದಲ್ಲೇ ಕೂತು ಒಂದು ಮಂಗ ಎಳೆ ಅಡಿಕೆ ಕಚ್ಚಿ ರಸ ಹೀರಿ ಎಸೆಯುತ್ತಿತ್ತು.

ಆದರೆ ಬೊಂಬೆಯನ್ನು ನಾನು ಪೂರ್ತಿ ಬಿಡಲಿಲ್ಲ. ನಮ್ಮ ಕಡೆ ಮಂಗಕ್ಕೆ ನಿಜವಾದ ಶತ್ರು ಹುಲಿಯಲ್ಲ, ಚಿರತೆ. ದಕ್ಷಿಣ ಭಾರತದ ಕಾಡುಗಳಲ್ಲಿ ಮಂಗಗಳ ಮುಂದೆ ಚಿರತೆ ಬೊಂಬೆ ಇಟ್ಟು ನೋಡಿದವರಿದ್ದಾರೆ. ಚುಕ್ಕೆ ಕಂಡರೆ ಸಾಕು, ಅವು ಕೂಗಿ ಓಡುತ್ತವೆ. ಅದನ್ನು ತಿಳಿದ ಮೇಲೆ ಅತ್ತಿಗೆ ಹಳೇ ಹಳದಿ ಬೆಡ್‌ಶೀಟಿಗೆ ಕಪ್ಪು ಪೇಂಟಿನಲ್ಲಿ ಚುಕ್ಕೆ ಇಟ್ಟು, ಹುಲ್ಲಿನ ಕಂತೆಗೆ ಸುತ್ತಿ ಕೊಟ್ಟರು. ಎರಡು ದಿನಕ್ಕೊಮ್ಮೆ ಜಾಗ ಬದಲಿಸುತ್ತಾ ಹೋದೆ. ಪೇಟೆಯಿಂದ ತಂದ ಹುಲಿ ಹತ್ತು ದಿನ, ಅತ್ತಿಗೆಯ ಚಿರತೆ ಒಂದು ತಿಂಗಳು. ಬಾಳೆಗೊನೆ ಬಲಿಯುವ ಹೊತ್ತಿಗೆ ಆ ಒಂದು ತಿಂಗಳೇ ಸಾಕಾಗುತ್ತದೆ. ವರ್ಷಪೂರ್ತಿ ಇಟ್ಟರೆ ಮಾತ್ರ ಅದೂ ಸುಮ್ನೆ.

ನಾಯಿ ಇವೆಲ್ಲಕ್ಕಿಂತ ಮೇಲು. ನಮಗಿಂತ ಮೊದಲೇ ಅದಕ್ಕೆ ಗೊತ್ತಾಗುತ್ತದೆ. ನಾವು ತೋಟದಲ್ಲಿದ್ದರೂ ಅಂಗಳಕ್ಕೆ ಮಂಗ ಇಳಿಯಲು ಬಿಡುವುದಿಲ್ಲ. ಆದರೆ ತೋಟದಲ್ಲಿ ಅದರ ಆಟ ನಡೆಯುವುದಿಲ್ಲ. ಮಂಗ ಮರದಿಂದ ಮರಕ್ಕೆ ಮೇಲೇ ಹೋಗುತ್ತದೆ, ನಾಯಿ ಕೆಳಗೆ ಬೊಗಳಿ ಸುಸ್ತಾಗುತ್ತದೆ. ಇನ್ನೊಂದು ಮಾತು. ನಮ್ಮ ಮೊದಲ ನಾಯಿಯನ್ನು ರಾತ್ರಿ ಜಗಲಿಯಲ್ಲಿ ಚೈನಿಗೆ ಕಟ್ಟಿದ್ದೆ, ಚಿರತೆ ಬಂದು ಕೊಂದಿತು. ತಪ್ಪಿಸಿಕೊಳ್ಳಲೂ ಅದಕ್ಕೆ ದಾರಿ ಇರಲಿಲ್ಲ. ಅದರ ಪಾಪ ನನ್ನ ಮೇಲೇ ಇದೆ. ಮಂಗ ರಾತ್ರಿ ಬರುವುದಿಲ್ಲ, ಹಾಗಾಗಿ ರಾತ್ರಿ ಕಾವಲಿಗೆ ನಾಯಿ ಹೊರಗೆ ಬೇಕಾಗಿಲ್ಲ. ಈಗಿನ ನಾಯಿ ಕತ್ತಲಾದ ಕೂಡಲೇ ಒಳಗೆ.

ಜಾಲರಿಗೆ ಬರೋಣ. ತರಕಾರಿ ಮಡಿಗೆ ಮೊದಲು ಮೀನಿನ ಬಲೆ ಹೊದಿಸಿದ್ದೆವು, ಅಗ್ಗ ಅಂತ. ಮಂಗ ಹಲ್ಲಿನಲ್ಲಿ ಕಚ್ಚಿ ದಾರಿ ಮಾಡಿಕೊಂಡಿತು. ಅದಕ್ಕಿಂತ ಬೇಜಾರಾಗಿದ್ದು, ಒಂದು ಕೇರೆಹಾವು ಬಲೆಗೆ ಸಿಕ್ಕಿ ಒದ್ದಾಡುತ್ತಿದ್ದದ್ದು. ಕತ್ತರಿಯಲ್ಲಿ ಒಂದೊಂದೇ ಎಳೆ ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅಡುಗೆಮನೆಗೆ ಮಾತ್ರ ಕಬ್ಬಿಣದ ವೆಲ್ಡ್ ಮೆಶ್ ಹಾಕಿಸಿದೆ. ಹೆಂಚು ಇಳಿಸಿ, ಪಕಾಸಿಯ ಮೇಲೆ ಒಂದು ಇಂಚು ಕಣ್ಣಿನ ಜಾಲರಿ ಹಾಸಿ ಮೊಳೆ ಹೊಡೆದು, ಮೇಲೆ ರೀಪು, ಹೆಂಚು. ಬಡಗಿಗೆ ಎರಡು ದಿನದ ಕೆಲಸ. ಖರ್ಚು ಎಲ್ಲಕ್ಕಿಂತ ಜಾಸ್ತಿ, ನಿಜ. ಆದರೆ ಒಂದು ವಾರ ಹೆಂಚು ಎತ್ತಿ ಎತ್ತಿ ನೋಡಿದವು, ಕೈ ತೂರಲಿಲ್ಲ. ಆಮೇಲೆ ಆ ಮಾಡಿಗೆ ಹತ್ತುವುದನ್ನೇ ಬಿಟ್ಟವು. ನಾವೆಲ್ಲ ಮದುವೆಗೆ ಹೋಗಿ ಮೂರು ದಿನ ಬಿಟ್ಟು ಬಂದರೂ ಗೊನೆ ಹಾಗೇ ಇತ್ತು. ಮೇಲಿನ ಪ್ರಶ್ನೆಗೆ ಪೂರ್ತಿ ಹೌದು ಅನ್ನಿಸಿದ್ದು ಇದೊಂದೇ.

ಸೋಲಾರ್ ಬೇಲಿ ಪಕ್ಕದ ಮನೆಯ ಮಾವ ಹಾಕಿಸಿದ್ದಾರೆ. ಹಂದಿಗೆ ಒಳ್ಳೆಯದು. ಮಂಗಕ್ಕೆ ಬೇಲಿ ಮೇಲೆ ಒಂದು ಕೊಂಬೆ ಚಾಚಿದ್ದರೂ ಅದೇ ಸೇತುವೆ. ಕರೆಂಟಿನ ವೈರನ್ನು ನೇರವಾಗಿ ಬೇಲಿಗೆ ಕೊಡುವ ಕೆಲಸ ಮಾತ್ರ ಯಾರೂ ಮಾಡಬೇಡಿ, ಮನುಷ್ಯರೇ ಸಾಯುತ್ತಾರೆ.

ಹಿಡಿಸಿ ಬಿಟ್ಟುಬರುವುದು ಒಂದು ದಾರಿಯಲ್ಲವಾ ಅಂತ ತುಂಬ ಜನ ಕೇಳುತ್ತಾರೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಿಡಿಯುವ ಹಾಗಿಲ್ಲ. ಅದಕ್ಕಿಂತ ಹೆಚ್ಚಾಗಿ, ಬಿಟ್ಟ ಮಂಗ ಎಲ್ಲಿಗೆ ಹೋಗಬೇಕು? ನಮ್ಮ ಘಾಟಿ ರಸ್ತೆಯಲ್ಲಿ ಯಾರೋ ರಾತ್ರಿ ಲಾರಿಯಲ್ಲಿ ಪೇಟೆ ಮಂಗ ತಂದು ಇಳಿಸಿ ಹೋಗಿದ್ದರು. ಅವಕ್ಕೆ ಕಾಡಿನ ಸೊಪ್ಪು ಹಣ್ಣು ಗೊತ್ತಿಲ್ಲ, ಮನುಷ್ಯರ ಭಯವೂ ಇಲ್ಲ. ಬಾಗಿಲಿನ ಚಿಲಕ ತೆಗೆಯುವುದು ಮಾತ್ರ ಗೊತ್ತು. ನಮ್ಮ ಊರಿನ ತೊಂದರೆ ಜಾಸ್ತಿಯಾಗಿದ್ದೇ ಆಮೇಲೆ.

ವಿಷ ಇಡುವ ಮಾತಂತೂ ಆಡಲೇಬಾರದು. ಕಾನೂನು ಒಪ್ಪುವುದಿಲ್ಲ, ಮನಸ್ಸಂತೂ ಒಪ್ಪುವುದೇ ಇಲ್ಲ. ಸತ್ತ ಮಂಗದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಮನುಷ್ಯರಿಗೂ ಬರುವ ಮಂಗನ ಕಾಯಿಲೆ ಎಂಬ ಜ್ವರ 1957ರಲ್ಲಿ ಮೊದಲು ಗೊತ್ತಾಗಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳ. ಕಾಯಿಲೆಯಿಂದ ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಸುತ್ತಲಿನ ನೆಲಕ್ಕೆ ಇಳಿಯುತ್ತದೆ. ಮನೆ ಹತ್ತಿರ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಎಳೆಯಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆ ಕಡೆ ದರಗು (ಉದುರಿದ ಒಣ ಎಲೆ) ಗುಡಿಸುವುದಕ್ಕೆ ಹೋಗಬೇಡಿ.

ಈಗ ನಮ್ಮಲ್ಲಿ ಅಡುಗೆಮನೆಗೆ ಜಾಲರಿ, ಅಂಗಳಕ್ಕೆ ನಾಯಿ, ಗೊನೆ ಬಲಿಯುವಾಗ ಚುಕ್ಕೆ ಬೊಂಬೆ. ಬೆಟ್ಟದ ಹಲಸಿನ ಹಣ್ಣನ್ನು ನಾವು ಕೊಯ್ಯುವುದಿಲ್ಲ, ಅದು ಮಂಗಕ್ಕೇ ಇರಲಿ ಅಂತ ಅಮ್ಮ ಹೇಳಿದ್ದಾರೆ. ಕೊಟ್ಟಿಗೆ ಮಾಡಿನಲ್ಲಿ ಇನ್ನೂ ವಾರಕ್ಕೆ ಒಂದೆರಡು ಹೆಂಚು ಒಡೆಯುತ್ತಿವೆ. ಮಳೆಗಾಲ ಮುಗಿದ ಮೇಲೆ ಅಲ್ಲಿಗೂ ಬಡಗಿಯನ್ನು ಕರೆಸಬೇಕು.