ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್: ಬಳ್ಳಾರಿಯ ಒಂದು ಅಂಗಡಿ, ಮೂರೂವರೆ ನಕ್ಷತ್ರ

ರಾಯಲ್ ಸರ್ಕಲ್ ಹತ್ತಿರದ ಈ ಸಣ್ಣ ರಿಪೇರಿ ಅಂಗಡಿಯಲ್ಲಿ ಹಳೇ ಲ್ಯಾಪ್‌ಟಾಪಿಗೆ ಉಬುಂಟು ಎಂಬ ಲಿನಕ್ಸ್ ಹಾಕಿಕೊಡುತ್ತಾರೆ. ಕೆಲಸ ಚೊಕ್ಕ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿರುವ ಯಂತ್ರ ಬೂಟ್ ಆಗುವಾಗ ಪರದೆ ಕಪ್ಪಾದರೆ ಮತ್ತೆ ಫಾರ್ಮ್ಯಾಟ್ ಮಾಡಲು ಓಡುವುದಿಲ್ಲ, ಅದೇ ದೊಡ್ಡ ಗುಣ. ಬೂಟಿನ ಶುರುವಿಗೆ ಬರುವ ಗ್ರಬ್ ಮೆನುವಿನಲ್ಲಿ ‘ಇ’ (e) ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ (nomodeset, ಸರಳ ಪರದೆಯಲ್ಲೇ ಏಳು ಎನ್ನುವ ಸೂಚನೆ) ಸೇರಿಸಿ ಎಫ್10 ಒತ್ತುತ್ತಾರೆ. ಇದು ಆ ಒಂದು ಬೂಟಿಗಷ್ಟೇ, ರೆಸಲ್ಯೂಷನ್ನೂ ಒರಟು. ಆಮೇಲೆ ಸರಿಯಾದ ಡ್ರೈವರ್ ಹಾಕಿದರೇ ಪೂರ್ತಿ ವಾಸಿ. ಅದನ್ನೂ ಹಾಕಿಯೇ ಕೊಡುತ್ತಾರೆ.

ಕೊರತೆ ಒಂದಿದೆ. ಯಂತ್ರ ಕೈಗೆ ಕೊಡುವಾಗ ಟರ್ಮಿನಲ್, ಅಂದರೆ ಆಜ್ಞೆ ಟೈಪಿಸಿ ಕೆಲಸ ಮಾಡಿಸುವ ಕಿಟಕಿ, ಅದರ ಬಗ್ಗೆ ಒಂದು ಮಾತೂ ಇಲ್ಲ. ಹೊಸಬರು ವಿಂಡೋಸ್ ಅಭ್ಯಾಸದಲ್ಲಿ ಅಲ್ಲಿ ಕಂಟ್ರೋಲ್-ಎಸ್ ಒತ್ತಿ, ಕೆಟ್ಟುಹೋಯಿತೆಂದು ಹೊತ್ತು ತರುತ್ತಾರೆ. ಕೆಟ್ಟಿಲ್ಲ, ಔಟ್‌ಪುಟ್ ನಿಂತಿದೆ ಅಷ್ಟೆ. ಕಂಟ್ರೋಲ್-ಕ್ಯೂ ಒತ್ತಿದರೆ ಮತ್ತೆ ಹರಿಯುತ್ತದೆ. ಪಠ್ಯವಲ್ಲದ (ಬೈನರಿ) ಫೈಲನ್ನು ‘ಕ್ಯಾಟ್’ (cat) ಆಜ್ಞೆಯಿಂದ ತೆರೆದು ತೋರಿಸಿ ಅಕ್ಷರಗಳೆಲ್ಲ ಗೀಚುಗೀಚಾದರೆ, ಟೈಪಿಸಿದ್ದು ಕಾಣದಿದ್ದರೂ ‘ರೀಸೆಟ್’ (reset) ಎಂದು ಹೊಡೆದು ಎಂಟರ್ ಕೊಡಿ. ಡೆಸ್ಕ್‌ಟಾಪೇ ಹ್ಯಾಂಗ್ ಆದರೆ ಕಂಟ್ರೋಲ್-ಆಲ್ಟ್-ಎಫ್3 ಒತ್ತಿ, ಬರೀ ಅಕ್ಷರಗಳ ಪರದೆಗೆ ಹೋಗಿ.

ಟರ್ಮಿನಲ್ಲಿನಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಂಡರೆ ಮಾತ್ರ ಅಂಗಡಿಯವರನ್ನು ಬೈಯಬೇಡಿ. ಅಕ್ಷರಗಳನ್ನು ಸಮ ಅಗಲದ ಮನೆಗಳಲ್ಲಿ ಕೂರಿಸುವ ವ್ಯವಸ್ಥೆ ಅದು. ಫಾಂಟ್ ಬದಲಿಸಿದರೂ ಪೂರ್ತಿ ಸರಿಹೋಗದು.