12 ವರ್ಷದ ದೋಸ್ತಿ: ನನ್ನ ಅಶೋಕ್ ಲೇಲ್ಯಾಂಡ್ ದೋಸ್ತ್, 2,74,000 ಕಿಲೋಮೀಟರ್ ಆದ ಮೇಲೆ

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಗಾಡಿ ನಿಲ್ಲಿಸಿ ಟೀ ಕುಡಿಯುವಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಅಣ್ಣ, ಇದು ನಮ್ಮ ದೇಶದ್ದಾ, ಜಪಾನಿಂದಾ?" 2012ರ ಡಿಸೆಂಬರಿನಲ್ಲಿ ಈ ದೋಸ್ತ್ ಪಿಕಪ್ ಮನೆಗೆ ತಂದ ದಿನದಿಂದ ಈ ಪ್ರಶ್ನೆ ಬೆನ್ನು ಬಿಟ್ಟಿಲ್ಲ. ಆಗೆಲ್ಲ "ಎರಡೂ" ಅಂತ ಹೇಳಿ ಟೀ ಮುಗಿಸುತ್ತಿದ್ದೆ. 2016ರಲ್ಲಿ ಲೇಲ್ಯಾಂಡ್ ಜೊತೆಗಿದ್ದ ಜಪಾನಿನ ನಿಸಾನ್‌ನವರು ಪಾಲು ಬಿಟ್ಟು ಹೊರಟರು. ಆಮೇಲೆ ಉತ್ತರ ಸ್ವಲ್ಪ ಉದ್ದ ಆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮಾಲೂರು ತಾಲ್ಲೂಕು. ಎರಡೂವರೆ ಎಕರೆ ಟೊಮೇಟೊ, ಒಂದಿಷ್ಟು ಗುಲಾಬಿ. ಮೊದಲು ಬಾಡಿಗೆ ಗಾಡಿಗೆ ಕಾಯುತ್ತಿದ್ದೆವು. ಬೆಲೆ ಏರಿದ ದಿನವೇ ಗಾಡಿ ಸಿಗುತ್ತಿರಲಿಲ್ಲ, ಅದು ಎಲ್ಲ ರೈತರಿಗೂ ಗೊತ್ತಿರುವ ಕಥೆ. ಸ್ವಂತಕ್ಕೆ ಒಂದು ತಗೊಳ್ಳೋಣ ಅಂತ ಹೊರಟಾಗ ಮುಂದೆ ಮೂರು ದಾರಿ ಇತ್ತು. ಟಾಟಾ ಏಸ್ ಆಗಲೇ ಊರೂರಲ್ಲಿ ಓಡಾಡುತ್ತಿತ್ತು, ಆದರೆ ಮುಕ್ಕಾಲು ಟನ್ ನಮಗೆ ಸಾಲದು. ಮಹೀಂದ್ರ ಬೊಲೆರೊ ಪಿಕಪ್ ಚೆನ್ನಾಗಿತ್ತು, ಕೈಯಲ್ಲಿ ಅಷ್ಟು ದುಡ್ಡು ಇರಲಿಲ್ಲ. ಮಧ್ಯದಲ್ಲಿ ದೋಸ್ತ್. ಒಂದೂಕಾಲು ಟನ್ ಲೋಡು, 1.5 ಲೀಟರಿನ ಮೂರು ಸಿಲಿಂಡರ್ ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಭಾರೀ ಒತ್ತಡದಿಂದ ಡೀಸೆಲ್ ಸಿಂಪಡಿಸುವ) ಡೀಸೆಲ್ ಇಂಜಿನ್, 55 ಎಚ್‌ಪಿ, ಐದು ಗೇರು. ಮಾರ್ಕೆಟ್ಟಿಗೆ ಬಂದು ವರ್ಷ ಒಂದು ಚಿಲ್ಲರೆ ಆಗಿತ್ತು ಅಷ್ಟೆ.

ಮನೆಯಲ್ಲಿ ಬೇಡ ಅಂದವರು ನಮ್ಮ ಮಾವ. ಅವರು 80ರ ದಶಕದ ಕೊನೆಯಲ್ಲಿ ಒಂದು ಜಪಾನ್ ಕೂಡಾವಳಿ (ನಮ್ಮ ಕಂಪನಿ, ಜಪಾನ್ ಕಂಪನಿ ಪಾಲುದಾರಿಕೆಯ) ಗಾಡಿ ಇಟ್ಟುಕೊಂಡು ಕೈ ಸುಟ್ಟುಕೊಂಡವರು. ಆಗ ಒಟ್ಟಿಗೇ ನಾಲ್ಕು ಬಂದಿದ್ದವು: ಡಿಸಿಎಂ ಟೊಯೋಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸಾನ್. ಮಾವನದು ಯಾವುದು ಅಂತ ಹೇಳುವುದಿಲ್ಲ. ಆ ಹೆಸರು ಎತ್ತಿದರೆ ಈಗಲೂ ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ. ಗಾಡಿ ಕೆಟ್ಟದ್ದಲ್ಲ, ನಮ್ಮ ಲಾರಿಗಳ ಮುಂದೆ ಅದು ಕಾರಿನ ಹಾಗೆ ಓಡುತ್ತಿತ್ತು ಅಂತ ಅವರೇ ಹೇಳುತ್ತಾರೆ. ತೊಂದರೆ ಬಿಡಿಭಾಗದ್ದು. 1985ರ ಮೇಲೆ ಯೆನ್ ಬೆಲೆ ಏರಿತು. ಜಪಾನಿಂದ ಬರುವ ಸಾಮಾನೆಲ್ಲ ದುಬಾರಿ ಆಯಿತು. 1986ರಲ್ಲಿ ಟಾಟಾದವರು 407 ಬಿಟ್ಟರು. ಅಷ್ಟು ನಯ ಇರಲಿಲ್ಲ, ಆದರೆ ಯಾವ ಊರಿನ ಮೇಸ್ತ್ರಿ ಬೇಕಾದರೂ ಬಿಚ್ಚಿ ಜೋಡಿಸುತ್ತಿದ್ದ. ಮಾವ ಒಂದು ಬಿಡಿಭಾಗಕ್ಕಾಗಿ ಮದ್ರಾಸಿನವರೆಗೂ ಬಸ್ಸಲ್ಲಿ ಹೋಗಿ ಬರುವಾಗ, ಪಕ್ಕದವನ 407 ಮೂರು ಟ್ರಿಪ್ ಹೊಡೆದು ಬರುತ್ತಿತ್ತು.

ಆ ನಾಲ್ಕು ಸಂಬಂಧಗಳಲ್ಲಿ ಒಂದೂ ಹಾಗೇ ಉಳಿಯಲಿಲ್ಲ ನೋಡಿ. ಡಿಸಿಎಂ ಆಮೇಲೆ ಕೊರಿಯಾದ ಡೇವೂ ಕೈ ಹಿಡಿಯಿತು. ಸ್ವರಾಜ್ ಮಜ್ದಾ ಎಸ್‌ಎಂಎಲ್ ಇಸುಜು ಆಗಿ, 2025ರಲ್ಲಿ ಮಹೀಂದ್ರ ಮನೆಗೆ ಬಂತು. ಐಷರ್ ಈಗ ವೋಲ್ವೋ ಜೊತೆ ಇದೆ. ಆಲ್ವಿನ್ ನಿಸಾನ್ ಕಾರ್ಖಾನೆ ಇದ್ದದ್ದು ನಮ್ಮ ಬೀದರ್ ಗಡಿಯ ಆಚೆ ಜಹೀರಾಬಾದಿನಲ್ಲಿ, ಅದೂ ಮಹೀಂದ್ರ ಪಾಲಾಯಿತು. ನಾನು ಗಾಡಿ ತಗೊಳ್ಳುವಾಗ ಮಾವ ಅಲ್ಲಿವರೆಗೆ ಆದದ್ದನ್ನೆಲ್ಲ ಬೆರಳು ಮಡಚಿ ಎಣಿಸಿ, "ನಿನ್ನ ನಿಸಾನೂ ಒಂದು ದಿನ ಗಂಟು ಕಟ್ಟುತ್ತೆ ನೋಡ್ತಿರು" ಅಂದಿದ್ದರು. ನಾಲ್ಕು ವರ್ಷದಲ್ಲಿ ಹಾಗೇ ಆಯಿತು! ಆದರೆ ಆಮೇಲೆ ನಡೆದದ್ದು ಅವರು ಅಂದುಕೊಂಡ ಹಾಗೆ ಅಲ್ಲ.

ದೋಸ್ತ್ ಅಶೋಕ್ ಲೇಲ್ಯಾಂಡ್ ಮತ್ತು ನಿಸಾನ್ ಸೇರಿ ಮಾಡಿದ ಮೊದಲ ಗಾಡಿ. ಕೂಡಾವಳಿ ಮಾತುಕತೆ 2007ರಲ್ಲಿ ಶುರು ಆಗಿ, ಗಾಡಿ ಹೊರಬಂದದ್ದು 2011ರಲ್ಲಿ. ಮೈಕಟ್ಟಿನ ಮೂಲ ನಿಸಾನ್‌ನ ವ್ಯಾನೆಟ್ ಅನ್ನೋ ಹಳೇ ವ್ಯಾನ್. ಡ್ರೈವರ್ ಸೀಟಿನ ಕೆಳಗೇ ಇಂಜಿನ್ ಇರುವುದು ಅದಕ್ಕೇ. ತಯಾರಾಗುತ್ತಿದ್ದದ್ದು ಹೊಸೂರಿನಲ್ಲಿ. ಮಾಲೂರಿಂದ ಹೊಸೂರು ಬಹಳ ದೂರ ಇಲ್ಲ. ಮಾವನಿಗೆ ನಾನು ಆಗ ಹೇಳಿದ್ದು ಇಷ್ಟೇ: "ನಿಮ್ಮ ಗಾಡಿ ಪಾರ್ಟು ಸಮುದ್ರ ದಾಟಿ ಬರಬೇಕಿತ್ತು. ನನ್ನದು ಅತ್ತಿಬೆಲೆ ಚೆಕ್‌ಪೋಸ್ಟೂ ದಾಟಬೇಕಿಲ್ಲ."

ಇನ್ನು ಗಾಡಿ ಹೇಗಿದೆ ಅಂತ ಹೇಳುತ್ತೇನೆ.

ಇಂಜಿನ್ ಬಗ್ಗೆ ದೂರಿಲ್ಲ. ಈವರೆಗೆ ಬೋರ್ ಬಿಚ್ಚಿಲ್ಲ. ಲೋಡಿನಲ್ಲಿ ಲೀಟರಿಗೆ 13ರಿಂದ 14, ಖಾಲಿ ವಾಪಸ್ ಬರುವಾಗ 17 ಕೊಡುತ್ತದೆ. ಹೊಸದರಲ್ಲಿ ಒಂದೆರಡು ಜಾಸ್ತಿ ಇತ್ತು. ಮೂರು ಸಿಲಿಂಡರ್ ಆದ್ದರಿಂದ ನಿಂತಾಗ ಸ್ವಲ್ಪ ನಡುಗುತ್ತದೆ, ಡ್ಯಾಶ್‌ಬೋರ್ಡ್ ಮೇಲೆ ಇಟ್ಟ ಬೆಂಕಿಪೊಟ್ಟಣ ತಾನೇ ನಡೆದು ಬಂದು ಬೀಳುತ್ತದೆ. ಓಡಲು ಶುರು ಮಾಡಿದರೆ ಗೊತ್ತಾಗುವುದಿಲ್ಲ. ಒಮ್ಮೆ ಇಂಜೆಕ್ಟರ್ ಕೆಟ್ಟಿತು. ಅದು ನಂದೇ ತಪ್ಪು. ಯಾರೋ ಕಡಿಮೆ ರೇಟಿಗೆ ಕ್ಯಾನಿನಲ್ಲಿ ಡೀಸೆಲ್ ಕೊಟ್ಟರು, ಹಾಕಿಸಿಕೊಂಡೆ. ಉಳಿಸಿದ್ದು ಎಂಟುನೂರು, ಕಳೆದದ್ದು ಹನ್ನೊಂದು ಸಾವಿರ. ಹಳೇ ಕಾಲದ ಪಂಪು ಆ ಡೀಸೆಲ್ಲನ್ನೂ ಕುಡಿದು ಓಡುತ್ತಿತ್ತೋ ಏನೋ, ಕಾಮನ್ ರೈಲಿಗೆ ಅದು ಆಗುವುದಿಲ್ಲ. ನೀರು ಸೇರಿದ ಡೀಸೆಲ್ ಅದಕ್ಕೆ ವಿಷ.

ಕ್ಯಾಬಿನ್ ಬೇಸಿಗೆಯಲ್ಲಿ ಬಿಸಿ. ಸೀಟಿನ ಕೆಳಗೆ ಇಂಜಿನ್ ಇಟ್ಟುಕೊಂಡು ತಂಪು ಬೇಕು ಅಂದರೆ ಎಲ್ಲಿಂದ ಬರಬೇಕು? ನನ್ನದು ಎಸಿ ಇಲ್ಲದ ಮಾಡೆಲ್. ಕಾಲು ಉದ್ದ ಇರುವವರಿಗೆ ಮೊಣಕಾಲು ತಾಗುತ್ತದೆ. ಖಾಲಿ ಗಾಡಿ ಹಳ್ಳಿ ರೋಡಿನಲ್ಲಿ ಎಗರುತ್ತದೆ. ಅರ್ಧ ಟನ್ ಬಿದ್ದ ಮೇಲೆ ಸರಿ ಆಗುತ್ತದೆ. ಮುಂದಿನ ಗಾಜು ದೊಡ್ಡದು, ಗಲ್ಲಿಯಲ್ಲಿ ತಿರುಗಿಸುವುದು ಸಲೀಸು. ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ ಬೆಳಗಿನ ಜಾವ ಹೂವು ತೆಗೆದುಕೊಂಡು ಹೋದವರಿಗೆ ಅದರ ಬೆಲೆ ಗೊತ್ತು.

ಈಗ ಲೋಡಿನ ವಿಷಯ. ನಮ್ಮ ಕಡೆ ಟೊಮೇಟೊ ಕ್ರೇಟ್ 15 ಕೆಜಿ ಲೆಕ್ಕ. ಒಂದೂಕಾಲು ಟನ್ ಅಂದರೆ 83 ಕ್ರೇಟು. ಅಷ್ಟೇ ಹಾಕುವವರು ಯಾರಾದರೂ ಇದ್ದರೆ ತೋರಿಸಿ, ಕಾಲಿಗೆ ಬೀಳುತ್ತೇನೆ. 2023ರ ಜುಲೈಯಲ್ಲಿ ಕೋಲಾರದಲ್ಲಿ ಬಾಕ್ಸು 2000 ರೂಪಾಯಿ ದಾಟಿತ್ತು, ನೆನಪಿದೆ ಅಲ್ವಾ? ಆ ವಾರ ಒಂದು ರಾತ್ರಿ 118 ಕ್ರೇಟು ಏರಿಸಿದೆ. ಹೆಂಡತಿ ಬೇಡ ಅಂದಳು. ನರಸಾಪುರದ ಹತ್ತಿರ ಹೈವೇ ಹತ್ತುವ ಮುಂಚೆ ಒಂದು ಹಂಪು. ಪಟ್ ಅಂತ ಸದ್ದು. ಗಾಡಿ ಎಡಕ್ಕೆ ವಾಲಿತು. ಟಾರ್ಚ್ ಹಾಕಿ ಬಗ್ಗಿ ನೋಡಿದರೆ ಹಿಂದಿನ ಎಡ ಚಕ್ರದ ಮೇಲೆ ಪ್ಲೇಟ್ ಕಟ್ಟಿನಲ್ಲಿ (ಲೋಡು ಹೊರುವ ಸ್ಪ್ರಿಂಗ್ ಪಟ್ಟಿಗಳು) ಮೇಲಿನದು ಸೆಂಟರ್ ಬೋಲ್ಟಿನ ಪಕ್ಕದಲ್ಲೇ ಮುರಿದಿತ್ತು. ಮುರಿದ ಜಾಗ ಅರ್ಧ ತುಕ್ಕಿನ ಬಣ್ಣ, ಅರ್ಧ ಹೊಸ ಬೆಳ್ಳಿ ಬಣ್ಣ. ಅಂದರೆ ಬಿರುಕು ತಿಂಗಳುಗಳ ಹಿಂದೆಯೇ ಬಿಟ್ಟಿತ್ತು, ಅವತ್ತು ಬರೀ ಪೂರ್ತಿ ಆಯಿತು. ಹಗ್ಗ ಬಿಚ್ಚಿ 40 ಕ್ರೇಟು ರೋಡಿನ ಪಕ್ಕ ಇಳಿಸಿ, ಟಾರ್ಪಾಲ್ ಹೊದಿಸಿ, ಅದರ ಮೇಲೇ ಕೂತು ಕಾದೆ. ಆಗ ಟೊಮೇಟೊ ಕಳ್ಳತನ ಬೇರೆ ನಡೆಯುತ್ತಿತ್ತಲ್ಲ, ಕಣ್ಣು ಮುಚ್ಚೋಕೂ ಭಯ.

ಬೆಳಿಗ್ಗೆ ಏಳಕ್ಕೆ ಹೊಸೂರಿನ ಮೇಸ್ತ್ರಿಗೆ ಫೋನ್ ಮಾಡಿದೆ. ಹತ್ತೂವರೆಗೆ ಟಿವಿಎಸ್ ಮೇಲೆ ಹುಡುಗ ಬಂದ. ಹಿಂದಿನ ಸೀಟಿಗೆ ಪ್ಲೇಟು, ಯು ಬೋಲ್ಟು, ಬುಶ್ಶು ಎಲ್ಲ ಗೋಣಿಯಲ್ಲಿ ಸುತ್ತಿ ಕಟ್ಟಿಕೊಂಡು ತಂದಿದ್ದ. ಮಧ್ಯಾಹ್ನಕ್ಕೆ ಮಂಡಿಯಲ್ಲಿದ್ದೆ. ರಾತ್ರಿ ಇದ್ದ ರೇಟು ಇರಲಿಲ್ಲ, ಅದು ಬೇರೆ ಮಾತು.

ನಿಸಾನ್ ಬಿಟ್ಟು ಹೋಗಿ ಆಗ ಏಳು ವರ್ಷ! 2016ರಲ್ಲಿ ಮೂರು ಕೂಡಾವಳಿ ಕಂಪನಿಗಳಲ್ಲಿದ್ದ ತನ್ನ ಪಾಲನ್ನು ಅದು ಲೇಲ್ಯಾಂಡಿಗೆ ಬಿಟ್ಟುಕೊಟ್ಟಿತು. ಒಂದೊಂದಕ್ಕೆ ಒಂದು ರೂಪಾಯಿ ಅಂತ ಪೇಪರಿನಲ್ಲಿ ಬಂದಾಗ ನಮ್ಮ ಮಾವ ಆ ಪೇಪರ್ ಮಡಚಿ ತಂದು ಗಾಡಿಯ ಬಾನೆಟ್ ಮೇಲೆ ಇಟ್ಟರು. (ಬಾನೆಟ್ ಅಂತ ಏನೂ ಇಲ್ಲ ಈ ಗಾಡಿಗೆ, ವೈಪರ್‌ಗೆ ಸಿಕ್ಕಿಸಿದರು.) ನನಗೂ ಎದೆ ಸ್ವಲ್ಪ ಝಲ್ ಅಂದದ್ದು ನಿಜ. ಅದೇ ಕೂಡಾವಳಿಯಲ್ಲಿ ಬಂದ ಸ್ಟೈಲ್ ಅನ್ನೋ ವ್ಯಾನು ಆಗಲೇ ನಿಂತುಹೋಗಿತ್ತು. ಆದರೆ ದೋಸ್ತ್ ನಿಲ್ಲಲಿಲ್ಲ. ಲೈಸೆನ್ಸ್ ಇಟ್ಟುಕೊಂಡು ಲೇಲ್ಯಾಂಡಿನವರೇ ಮಾಡಿದರು. ಆಮೇಲೆ ದೋಸ್ತ್ ಪ್ಲಸ್ ಬಂತು, 2020ರಲ್ಲಿ ತಮ್ಮದೇ ಹೊಸ ಪ್ಲಾಟ್‌ಫಾರಂ ಮೇಲೆ ಬಡಾ ದೋಸ್ತ್ ಬಂತು. ಓಡುವ ಗಾಡಿ ರೋಡಿನಲ್ಲಿ ಸಾಕಷ್ಟು ಇದ್ದರೆ ಪಾರ್ಟು ಮಾಡುವವರು ಇದ್ದೇ ಇರುತ್ತಾರೆ. ಮಾವನ ಗಾಡಿಗೆ ಇಲ್ಲದೆ ಹೋದದ್ದು ಇದೇ.

ಸರ್ವಿಸ್ ವಿಷಯದಲ್ಲಿ ಮಾತ್ರ ಒಂದು ಕಹಿ ಇದೆ. ಬೆಂಗಳೂರಿನ ಒಂದು ವರ್ಕ್‌ಶಾಪಿಗೆ ಬಿಟ್ಟಿದ್ದೆ, ಹೆಸರು ಬೇಡ. ಯಾಕೋ ಅನುಮಾನ ಬಂದು, ಬಿಡುವ ಮುಂಚೆ ಡೀಸೆಲ್ ಫಿಲ್ಟರಿನ ತಳಕ್ಕೆ ಹೆಂಡತಿಯ ನೇಲ್ ಪಾಲಿಶ್‌ನಿಂದ ಒಂದು ಚುಕ್ಕೆ ಇಟ್ಟಿದ್ದೆ. ಬಿಲ್ಲಿನಲ್ಲಿ ಹೊಸ ಫಿಲ್ಟರಿಗೆ ದುಡ್ಡು ಹಾಕಿದ್ದರು. ಬಗ್ಗಿ ನೋಡಿದರೆ ಕೆಂಪು ಚುಕ್ಕೆ ನಗುತ್ತಾ ಕೂತಿದೆ. ಅವತ್ತಿಂದ ಹೊಸೂರಿನ ಮೇಸ್ತ್ರಿ ಬಿಟ್ಟು ಬೇರೆ ಕಡೆ ಹೋಗಿಲ್ಲ. ಅವನ ಹತ್ತಿರ ಸ್ಕ್ಯಾನರ್ ಇದೆ. ಕಾಮನ್ ರೈಲ್ ಗಾಡಿಗೆ ಸುತ್ತಿಗೆ ಸ್ಪ್ಯಾನರ್ ಸಾಲದು, ಇದು ಮಾತ್ರ ನೆನಪಿಟ್ಟುಕೊಳ್ಳಿ.

ಪಕ್ಕದ ಊರಿನ ಷಡ್ಡಕನ ಹತ್ತಿರ ಬೊಲೆರೊ ಪಿಕಪ್ ಇದೆ. ಹಬ್ಬಕ್ಕೆ ಸೇರಿದರೆ ನಮ್ಮಿಬ್ಬರದು ಇದೇ ಜಗಳ. ಅವನದು ಏರಿಯಲ್ಲಿ ನನ್ನದಕ್ಕಿಂತ ಚೆನ್ನಾಗಿ ಎಳೆಯುತ್ತದೆ, ಒಪ್ಪಿಕೊಂಡೆ. ಡೀಸೆಲ್ ನನ್ನದು ಕಡಿಮೆ ಕುಡಿಯುತ್ತದೆ, ಅದನ್ನು ಅವನು ಒಪ್ಪುವುದಿಲ್ಲ. "ನಂದು ಪಕ್ಕಾ ದೇಶಿ" ಅಂತ ಮೀಸೆ ತಿರುವುತ್ತಾನೆ. ಮಹೀಂದ್ರದವರು ಸ್ವಾತಂತ್ರ್ಯ ಬಂದ ಹೊತ್ತಿಗೆ ಅಮೆರಿಕದ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸಿ ಶುರು ಮಾಡಿದವರು ಅಂತ ನಾನು ಹೇಳಿದರೆ ಹೋಳಿಗೆ ಬಾಯಿಗೆ ತುರುಕಿಕೊಂಡು ಸುಮ್ನೆ ಆಗುತ್ತಾನೆ. ಟಾಟಾ ಲಾರಿಯೂ 1954ರಿಂದ ಹದಿನೈದು ವರ್ಷ ಬೆಂಜ್ ಜೊತೆ ಇತ್ತು, ನಮ್ಮ ತಾತ ಅದನ್ನು ಕೊನೆವರೆಗೂ ಬೆಂಜ್ ಲಾರಿ ಅಂತಲೇ ಕರೆದರು. ಲೇಲ್ಯಾಂಡ್ ಅನ್ನೋದೇ ಇಂಗ್ಲೆಂಡಿನ ಹೆಸರು. ಹಾಗೆ ಕುಲ ಕೆದಕಿದರೆ ಯಾರೂ ಉಳಿಯುವುದಿಲ್ಲ.

ಪೂರ್ತಿ ಫಾರಿನ್ ಹೆಸರಿನ ಪಿಕಪ್ಪೂ ಇಲ್ಲೇ ಅಕ್ಕಪಕ್ಕ ತಯಾರಾಗುತ್ತವೆ. ಇಸುಜು ಡಿ-ಮ್ಯಾಕ್ಸ್ ಆಂಧ್ರದ ಶ್ರೀಸಿಟಿಯಲ್ಲಿ, ಟೊಯೋಟಾ ಹೈಲಕ್ಸ್ ನಮ್ಮ ಬಿಡದಿಯಲ್ಲಿ. ಹೈಲಕ್ಸ್ 2022ರಲ್ಲಿ ಬಂದಾಗ ಶುರುವಿನ ಬೆಲೆಯೇ 34 ಲಕ್ಷದ ಹತ್ತಿರ. ಅದರಲ್ಲಿ ಟೊಮೇಟೊ ಹಾಕುವವನು ಟೊಮೇಟೊ ಬೆಳೆದು ಆ ದುಡ್ಡು ಮಾಡಿರಲಾರ.

12 ವರ್ಷದಲ್ಲಿ ದೊಡ್ಡ ಖರ್ಚು ಅಂದರೆ ಕ್ಲಚ್ ಪ್ಲೇಟ್ ಎರಡು ಸಲ, ಆ ಇಂಜೆಕ್ಟರ್, ಹಿಂದಿನ ಪ್ಲೇಟ್ ಕಟ್ಟು, ಒಮ್ಮೆ ಪೂರ್ತಿ ಬಾಡಿ ಟಿಂಕರಿಂಗ್. ಟೈರ್ ಲೆಕ್ಕ ಬಿಟ್ಟಿದ್ದೇನೆ. ಎಂಟು ವರ್ಷ ದಾಟಿದ ಮೇಲೆ ವರ್ಷ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ಅದೊಂದು ತಲೆನೋವು. ಹೋದ ಸಲ ಎಫ್‌ಸಿಗೆ ಮುಂಚೆ ಒಬ್ಬರು ಬಂದು ಒಂದೂಮುಕ್ಕಾಲು ಲಕ್ಷಕ್ಕೆ ಕೇಳಿದರು. ಕೊಡಲಿಲ್ಲ. ಮಾವ "ಕೊಟ್ಟುಬಿಡಬೇಕಿತ್ತು" ಅಂದರು, ಅಂದು ಅದರಲ್ಲೇ ಕೂತು ಸಂತೆಗೆ ಹೊರಟರು.

ಸೆಕೆಂಡ್ ಹ್ಯಾಂಡಿನಲ್ಲಿ ದೋಸ್ತ್ ನೋಡುತ್ತಿರುವವರಿಗೆ ಒಂದು ಮಾತು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ ನೋಡಿ. ಆಮೇಲೆ ಪ್ಯಾಂಟ್ ಕೊಳೆಯಾದರೂ ಪರವಾಗಿಲ್ಲ, ಕೆಳಗೆ ಮಲಗಿ ಹಿಂದಿನ ಪ್ಲೇಟು ನೋಡಿ. ಎಡಗಡೆ ಬಲಗಡೆ ಪ್ಲೇಟಿನ ಲೆಕ್ಕ ಸರಿ ಇರಬೇಕು. ಯಾವುದಾದರೂ ಒಂದರ ಬಣ್ಣ ಬೇರೆ ಇದ್ದರೆ ಓನರ್ ನನ್ನ ಥರದವನು ಅಂತ ತಿಳಿದುಕೊಳ್ಳಿ. ಇಪ್ಪತ್ತು ಸಾವಿರ ಕಡಿಮೆಗೆ ಕೇಳಿ, ಕೊಡುತ್ತಾನೆ.